ಹತ್ತಡಿ ಗೋಡೆಗೆ ಒಂದಡಿ

ಮಾರ್ಚ್ 3, ಸೋಮವಾರ

ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದಾರೆ. ತುಂಬ ಚೌಕಗಳು, ದಿನಕ್ಕೊಂದು. ತಲೆ ಸುತ್ತಿದರೆ ಹೌದು, ಸುತ್ತದಿದ್ದರೆ ಇಲ್ಲ ಎಂದು ಬರೆಯಬೇಕಂತೆ. ಎಂಟು ತಿಂಗಳಿಂದ ನನ್ನೊಳಗೆ ನಡೆಯುತ್ತಿರುವುದು ಅಷ್ಟು ಸಣ್ಣ ಚೌಕದಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಮಗನ ಹಳೇ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಹುಡುಕಿಕೊಂಡೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳ ಬರಹ. ಓದುವವರು ಯಾರೂ ಇಲ್ಲ, ಇರಲೂಬಾರದು.

ಎಲ್ಲರೂ ತಲೆ ಸುತ್ತು ಎನ್ನುತ್ತಾರೆ. ನನ್ನ ತಲೆ ಸುತ್ತುವುದಿಲ್ಲ, ನೆಲ ವಾಲುತ್ತದೆ. ಯಾರೋ ಮನೆಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಹಿಡಿದ ಹಾಗೆ. ಹಾಗೆಂದರೆ ಮಗ, "ನಾವಿರೋದು ಮೂರನೇ ಮಹಡೀಲಮ್ಮ, ಯಾರು ಎತ್ತುತ್ತಾರೆ" ಎಂದು ನಗುತ್ತಾನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರವರನ್ನೆಲ್ಲ ಮೇಲೆ ಕೆಳಗೆ ಕಳಿಸುತ್ತಾನೆ, ಹೆತ್ತವಳು ಯಾವ ಮಟ್ಟದಲ್ಲಿ ನಿಂತಿದ್ದಾಳೆ ಎಂದು ಮಾತ್ರ ಗೊತ್ತಿಲ್ಲ.

ಸೊಸೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಮಾತೂ ಠಸ್ಸೆ ಹೊಡೆದ ಹಾಗೆಯೇ, ಬಿದ್ದ ಮೇಲೆ ಅಳಿಸುವಂತಿಲ್ಲ. ಮನಸ್ಸಿನಲ್ಲಿ ನಾನು ಅವಳನ್ನು ಕರೆಯುವುದೇ ಠಸ್ಸೆಮ್ಮ ಎಂದು. ಅವಳ ಹೆರಿಗೆ ರಜೆ ಮುಗಿಯಲು ಇನ್ನು ಎರಡು ವಾರ. ಆಮೇಲೆ ಕೂಸನ್ನು ನಾನು ನೋಡಿಕೊಳ್ಳುವುದು ಎಂದು ಅದು ಹುಟ್ಟುವ ಮೊದಲೇ ಮಾತಾಗಿತ್ತು. ಅದಕ್ಕೆಂದೇ ಇದ್ದ ಒಂದು ಕೋಣೆಯ ಮನೆ ಖಾಲಿ ಮಾಡಿ ಇಲ್ಲಿಗೆ ಬಂದೆ.

ಹೋದ ತಿಂಗಳು ಕೂಸಿಗೆ ಸ್ನಾನ ಮಾಡಿಸಿ ಎತ್ತಿಕೊಂಡು ಬರುವಾಗ ನೆಲ ವಾಲಿತು. ನಾನು ಬಾಗಿಲ ಚೌಕಟ್ಟು ಹಿಡಿದೆ, ಕೂಸಿನ ಹಣೆ ಚೌಕಟ್ಟಿಗೆ ಬಡಿಯಿತು. ನಿಂಬೆಕಾಯಿ ಗಾತ್ರದ ಬುಗುಟೆ ಎದ್ದಿತು. ಅವತ್ತಿನಿಂದ ನನ್ನ ಮೊಮ್ಮಗಳನ್ನು ನಾನು ಎತ್ತುವಂತಿಲ್ಲ.

ಇವತ್ತು ಊಟದ ಹೊತ್ತಿನಲ್ಲಿ ಠಸ್ಸೆ ಬಿತ್ತು.

"ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದ್ರೆ ಕೂಸು ನಿಮ್ಮ ಕೈಗೇ ಅತ್ತೆ. ಇಲ್ಲಾಂದ್ರೆ ನಾನು ಕೆಲಸಕ್ಕೆ ಹೋಗೋ ದಿನದಿಂದಲೇ ಶಿಶುಮಂದಿರಕ್ಕೆ ಬಿಡ್ತೀನಿ."

"ಅಲ್ಲಿ ಇಪ್ಪತ್ತು ಮಕ್ಕಳಿಗೆ ಇಬ್ಬರೇ ಆಯಾಗಳಂತೆ" ಎಂದೆ.

"ಇಬ್ರಿಗೂ ನೆಲ ನೆಟ್ಟಗಿದೆಯಲ್ಲ ಅತ್ತೆ."

ಮಗ ತಟ್ಟೆಯಲ್ಲಿ ಏನೋ ಕಳೆದುಕೊಂಡವನ ಹಾಗೆ ತಟ್ಟೆಯನ್ನೇ ನೋಡುತ್ತಿದ್ದ. ನನಗೆ ತಿರುಗುತ್ತರ ಪಾತ್ರೆ ತೊಳೆಯುವಾಗ ಹೊಳೆಯಿತು, ಆಗ ಕೇಳುವವರು ಇರಲಿಲ್ಲ.

ಮಾರ್ಚ್ 5, ಬುಧವಾರ

ಸಮತೋಲ ಪರೀಕ್ಷೆ ಎಂದು ಕರೆದಿದ್ದರು. ಕಿವಿ ಡಾಕ್ಟರು ಹಾಳೆ ಬರೆದು ಒಳಗೆ ಕಳಿಸಿದರು. ಅಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ. ಪರೀಕ್ಷೆಯೆಲ್ಲ ಅವಳದೇ. ನನ್ನ ಭುಜಕ್ಕೂ ಸೊಂಟಕ್ಕೂ ಬೆಲ್ಟು ಬಿಗಿದು ಮೇಲಿನ ಕಂಬಿಗೆ ಸಿಕ್ಕಿಸಿದಳು.

"ಇದೇನು ತಾಯಿ, ಮೂಟೆ ಎತ್ತೋ ಹಾಗೆ ಕಟ್ತಿದೀಯಾ?"

"ಬಿದ್ರೆ ಹಿಡ್ಕೊಳ್ಳುತ್ತೆ ಅಜ್ಜಿ."

"ನಲವತ್ತು ವರ್ಷ ಸಾರ್ವೆ ಹತ್ತಿದವಳು ನಾನು. ಆಗ ಹಿಡ್ಕೊಳ್ಳೋಕೆ ಯಾರೂ ಇರ್ಲಿಲ್ಲ."

ಸಾರ್ವೆ ಎಂದರೆ ಅವಳಿಗೆ ಗೊತ್ತಾಗಲಿಲ್ಲ. ಗೋಡೆ ಕಟ್ಟುವಾಗ ನಿಲ್ಲಲು ಮರ ಬಿಗಿದು ಮಾಡುವ ಅಟ್ಟಣಿಗೆ ಎಂದು ಬಿಡಿಸಿ ಹೇಳಿದೆ. ನನ್ನ ಗಂಡ ಮೇಸ್ತ್ರಿ, ನಾನು ಅವರ ಕೈಯಾಳು. ಇಟ್ಟಿಗೆ ಹೊತ್ತೆ, ಗಾರೆ ಕಲೆಸಿದೆ, ಕೊನೆಗೆ ಗೋಡೆ ನೆಟ್ಟಗಿದೆಯೇ ನೋಡುವ ಕೆಲಸ ನನಗೇ ಬಿಟ್ಟರು. ಹುಡುಗಿ ಕನ್ನಡಕದೊಳಗಿಂದ ಕಣ್ಣರಳಿಸಿ ಕೇಳಿದಳು. ಆಮೇಲೆ ನನ್ನನ್ನು ಒಂದು ದಪ್ಪ ಸ್ಪಂಜಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದಳು.

ಮುಚ್ಚಿದೆ. ನಾಲ್ಕು ಉಸಿರು ಎಳೆದಿರಬೇಕು. ಆಮೇಲೆ ಕಣ್ಣು ಬಿಟ್ಟಾಗ ಬೆಲ್ಟಿನಲ್ಲಿ ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದೆ.

"ತುಂಬಾ ಜನ ತೂಗಾಡ್ತಾರೆ ಅಜ್ಜಿ, ಇದೊಂದರಿಂದ ಏನೂ ಹೇಳಕ್ಕಾಗಲ್ಲ" ಎಂದಳು. ಮಂಗಳವಾರ ಇನ್ನೊಂದು ಇದೆಯಂತೆ. ಅದೇ ದೊಡ್ಡದಂತೆ.

ಬರುವಾಗ, ಜೊತೆಗೆ ಬಂದಿದ್ದ ಠಸ್ಸೆಮ್ಮ ಮೆಟ್ಟಿಲಿನಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ಬಂದಳು, ಕಳ್ಳನನ್ನು ಠಾಣೆಗೆ ಕರೆದೊಯ್ಯುವ ಪೊಲೀಸಿನ ಹಾಗೆ. ಬೇಕೆಂದೇ ಬೇಗ ಬೇಗ ಇಳಿದೆ.

ಮಾರ್ಚ್ 8, ಶನಿವಾರ

ಕೂಸು ನನ್ನ ಕೋಣೆಯ ಕಡೆ ತಿರುಗಿ ಕೂಗುತ್ತದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಬುಗುಟೆ ಇಳಿದು ಹಳದಿ ಕಲೆ ಉಳಿದಿದೆ.

ಮಾರ್ಚ್ 11, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಕಿಟಕಿಯಿಲ್ಲದ ಕೋಣೆ. ಗದ್ದವನ್ನು ಒಂದು ಆನಿಕೆಯ ಮೇಲೆ ಇಡಿಸಿ, ಬಲಗೈಗೆ ತಿರುಗಿಸುವ ಗುಂಡಿ ಕೊಟ್ಟು, ದೀಪ ಆರಿಸಿ ಕನ್ನಡಕದ ಹುಡುಗಿ ಪರದೆಯ ಆಚೆ ಹೋದಳು. ಕತ್ತಲೆಯೆಂದರೆ ನನ್ನ ಕೈ ನನಗೆ ಕಾಣದಷ್ಟು. ಎದುರಿಗೆ ಒಂದೇ ಒಂದು ಕೆಂಪು ಗೆರೆ ಓರೆಯಾಗಿ ಹೊತ್ತಿಕೊಂಡಿತು.

"ಗುಂಡಿ ತಿರುಗಿಸಿ ಗೆರೇನ ನೆಟ್ಟಗೆ ನಿಲ್ಲಿಸಿ ಅಜ್ಜಿ. ನಿಮಗೆ ನೆಟ್ಟಗೆ ಅನ್ನಿಸಿದ ಕೂಡ್ಲೆ ಹೇಳಿ. ಹತ್ತು ಸಲ ಮಾಡೋಣ."

"ಇದರಿಂದ ಏನು ಗೊತ್ತಾಗುತ್ತೆ?"

"ಭೂಮಿ ಯಾವ ಕಡೆಗೆ ಎಳೀತಿದೆ ಅಂತ ನಮ್ಮೊಳಗೆ ಒಂದು ಲೆಕ್ಕ ಇರುತ್ತೆ. ಅದು ತಪ್ಪಿದ್ರೆ ಓರೆ ಗೆರೇನೂ ನೆಟ್ಟಗೆ ಕಾಣುತ್ತೆ."

ಈ ಗೆರೆ ತಪ್ಪಿದರೆ ಕೂಸು ಹೋಯಿತು.

ಮನಸ್ಸಿಗೆ ಅನ್ನಿಸಿದ್ದನ್ನು ನಂಬಿ ಗೋಡೆ ಎಬ್ಬಿಸಿದವರಲ್ಲ ನಾವು. "ಅನ್ನಿಸೋದನ್ನ ಕೇಳಿದ್ನಾ ನಾನು? ಗುಂಡು ಬಿಟ್ಟು ನೋಡು" ಎಂದು ನಮ್ಮ ಮೇಸ್ತ್ರಿ ಕೂಗುತ್ತಿದ್ದರು. ದಾರದ ತುದಿಗೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ದಾರವನ್ನು ಗೋಡೆಯ ಅಂಚಿಗೆ ಕೂಡಿಸಿ ನೋಡುವುದು ಕೆಲಸ. ಎಷ್ಟು ಗೋಡೆ ನೋಡಿದ್ದೇನೋ ಲೆಕ್ಕವಿಲ್ಲ. ಈಗ ಗುಂಡು ಇರಲಿಲ್ಲ. ಆದರೆ ಕೊರಳಲ್ಲಿ ದಾರವಿತ್ತು, ದಾರದಲ್ಲಿ ಮನೆಯ ಬೀಗದ ಕೈ ಇತ್ತು.

ಎಡಗೈಯಿಂದ ಮೆಲ್ಲಗೆ ತೆಗೆದೆ. ಮುಖದ ಮುಂದೆ ತೋಳು ಚಾಚಿ ಹಿಡಿದೆ, ಓಲಾಡುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿದೆ, ಒಂದು ಕಣ್ಣು ಮುಚ್ಚಿದೆ. ಕೆಂಪು ಗೆರೆಗೆ ಅಡ್ಡವಾಗಿ ಕರಿ ಕೂದಲಿನಷ್ಟು ದಾರ ಕಂಡಿತು. ಗೆರೆಯನ್ನು ತಿರುಗಿಸಿ ತಿರುಗಿಸಿ, ಮೇಲಿಂದ ಕೆಳಗಿನ ತನಕ ದಾರ ಅದನ್ನು ಸರಿಯಾಗಿ ಸೀಳುವ ಹಾಗೆ ನಿಲ್ಲಿಸಿದೆ.

"ಆಯ್ತು."

ಹತ್ತು ಸಲವೂ ಹಾಗೇ ಮಾಡಿದೆ. ದೀಪ ಹತ್ತುವ ಮೊದಲು ಬೀಗದ ಕೈ ಕೊರಳಿಗೆ ಹೋಗಿತ್ತು.

ಇದು ಮೋಸವೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೋಸವಲ್ಲ, ಕಸುಬು.

ಮಾರ್ಚ್ 14, ಶುಕ್ರವಾರ

ನಾನು ಗೆದ್ದೆ.

ಕಿವಿ ಡಾಕ್ಟರು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. "ಹತ್ತಕ್ಕೆ ಹತ್ತೂ ಸೊನ್ನೆ ತಪ್ಪು. ನೆಟ್ಟಗೆ ಅಂದ್ರೆ ಯಾವುದು ಅಂತ ನಿಮ್ಮ ತಲೆಗೆ ಚೆನ್ನಾಗಿ ಗೊತ್ತಿದೆ ಅಜ್ಜಿ. ಸ್ಪಂಜಿನ ಮೇಲೆ ತೂಗಾಡಿದ್ದು ಬಹುಶಃ ಭಯಕ್ಕೆ."

"ನನಗೇ ಎರಡು ಡಿಗ್ರಿ ಆಚೀಚೆ ಆಗುತ್ತೆ ಸರ್" ಎಂದಳು ಕನ್ನಡಕದ ಹುಡುಗಿ, ನನ್ನ ಮುಖದಿಂದ ಕಣ್ಣು ಕೀಳದೆ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಡಾಕ್ಟರು ಮೊದಲೇ ಒಂದು ಚೀಟಿ ಬರೆದಿಟ್ಟಿದ್ದರು. ಸಮತೋಲಕ್ಕೆ ದಿನಾ ಮಾಡುವ ವ್ಯಾಯಾಮವಂತೆ. ಅದರ ಮೇಲೆ ಅಡ್ಡಗೆರೆ ಎಳೆದು ಬುಟ್ಟಿಗೆ ಹಾಕಿದರು. "ಇದು ಬೇಕಾಗಿಲ್ಲ. ಮನಸ್ಸಿಗೆ ಹಚ್ಕೋಬೇಡಿ, ನಿದ್ದೆ ಚೆನ್ನಾಗಿ ಮಾಡಿ."

ಠಸ್ಸೆಮ್ಮ ಮನೆಗೆ ಬಂದವಳೇ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅವಳ ಗುಣವೇ ಹಾಗೆ, ಸೋತರೂ ನೆಟ್ಟಗೆ ಸೋಲುತ್ತಾಳೆ. ಕೂಸು ನನ್ನ ಮೂಗು ಹಿಡಿದು ಎಳೆಯಿತು. ಉಗುರು ಬೆಳೆದಿದೆ, ಕತ್ತರಿಸಬೇಕು.

ಮಾರ್ಚ್ 17, ಸೋಮವಾರ

ಸೊಸೆ ಕೆಲಸಕ್ಕೆ ಹೋದಳು. ಬಾಗಿಲವರೆಗೆ ಹೋಗಿ ಮೂರು ಸಲ ತಿರುಗಿ ಬಂದಳು. ಬಾಟಲಿ ಕುದಿಸಿದ್ದೀನಿ, ಬಟ್ಟೆ ಮೇಲಿನ ಅರೆಯಲ್ಲಿದೆ, ಫೋನು ನಡುಮನೆಯಲ್ಲಿದೆ ಎಂದಳು. "ನಿನ್ನ ಗಂಡನ್ನ ಸಾಕಿದ್ದೂ ನಾನೇ ಕಣೇ, ಹೋಗು" ಎಂದೆ. "ಅದಕ್ಕೇ ಅತ್ತೆ ಭಯ" ಎಂದು ಹೋದಳು. ನಗು ಬಂತು.

ಇಡೀ ದಿನ ಕೂಸು ನನ್ನದು. ಹಾಲು ಕುಡಿದು ಹೆಗಲ ಮೇಲೆ ತೇಗಿ ಅಲ್ಲೇ ಮಲಗಿತು. ಅದರ ತಲೆಯ ವಾಸನೆ ಮೂಸುತ್ತ ಕಿಟಕಿಯ ಹತ್ತಿರ ಎಷ್ಟೋ ಹೊತ್ತು ನಿಂತಿದ್ದೆ. ನೆಲ ಒಂದು ಸಲ ಮಿಸುಕಿತು, ಅಷ್ಟೇ. ಚೌಕದಲ್ಲಿ ಇಲ್ಲ ಎಂದು ಬರೆದೆ.

ಮಾರ್ಚ್ 19, ಬುಧವಾರ

ಒಂಬತ್ತೂವರೆಗೆ ಅಡುಗೆಮನೆಯಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಟಲಿಗೆ ಹಾಲು ಹಾಕಿದೆ. ಮುಚ್ಚಳ ಬಿಗಿದೆ. ನೆಲ ವಾಲಿತು. ಈ ಸಲ ನಿಲ್ಲಲಿಲ್ಲ, ವಾಲುತ್ತಲೇ ಹೋಯಿತು. ಎರಡೂ ಕೈಯಲ್ಲಿ ಕೂಸನ್ನು ಅವುಚಿಕೊಂಡು ಬೆನ್ನನ್ನು ಗೋಡೆಗೆ ಒತ್ತಿ ಜಾರಿ ಕೂತೆ.

ಬಾಟಲಿ ಕಟ್ಟೆಯ ಮೇಲೆ ಉಳಿಯಿತು. ಫೋನು ನಡುಮನೆಯಲ್ಲಿ.

ಏಳಲು ಹೋದಾಗಲೆಲ್ಲ ಗೋಡೆ ನನ್ನ ಮೇಲೆ ಬಂತು. ಕೂಸನ್ನು ನೆಲದ ಮೇಲೆ ಬಿಟ್ಟು ತೆವಳೋಣವೆಂದರೆ ಕೈ ಬಿಡಲು ಧೈರ್ಯ ಬರಲಿಲ್ಲ. ಬಿಟ್ಟರೆ ಅದು ಆ ಇಳಿಜಾರಿನಲ್ಲಿ ಉರುಳಿ ಹೋಗುತ್ತದೆ ಎಂದೇ ಅನ್ನಿಸಿತು. ನೆಲ ಮಟ್ಟವಾಗಿದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೈ ಬಿಡಲಾಗಲಿಲ್ಲ.

ಕೂಸು ಅತ್ತಿತು. ಮೊದಲು ಹಸಿವಿಗೆ, ಆಮೇಲೆ ಸಿಟ್ಟಿಗೆ, ಆಮೇಲೆ ಯಾಕೆಂದು ಅದಕ್ಕೇ ಮರೆತ ಹಾಗೆ. ನನಗೆ ಬರುವ ಹಾಡೆಲ್ಲ ಮುಗಿದವು. ಇಟ್ಟಿಗೆ ಎಣಿಸುವ ಹಾಗೆ ಒಂದು ಎರಡು ಎಂದು ಎಣಿಸಿದೆ. ಅತ್ತು ಅತ್ತು ಮಲಗಿತು, ಎದ್ದು ಮತ್ತೆ ಅತ್ತಿತು.

ಹನ್ನೆರಡು ದಾಟಿದ ಮೇಲೆ ಕೂತಲ್ಲೇ ಗೇಣುಗೇಣು ಸರಿದು ಕಟ್ಟೆಯ ಬುಡಕ್ಕೆ ಹೋದೆ. ಕಣ್ಣು ಮುಚ್ಚಿ ಒಂದು ಕೈ ಮೇಲೆತ್ತಿ ಬಾಟಲಿಯ ಕೆಳಗಿದ್ದ ಬಟ್ಟೆಯನ್ನು ಎಳೆದೆ. ಬಾಟಲಿ ನನ್ನ ಭುಜಕ್ಕೆ ಬಡಿದು ಬಿತ್ತು, ಮುಚ್ಚಳ ಬಿಚ್ಚಿ ಹಾಲು ಚೆಲ್ಲಿತು. ಉಳಿದದ್ದು ಕಾಲು ಭಾಗ. ತಣ್ಣಗಿನ ಹಾಲನ್ನೇ ಕುಡಿಯಿತು ನನ್ನವ್ವ, ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ.

ಮೂರೂವರೆಗೆ ಮಗ ಬಂದ.

"ಇಲ್ಲೇನು ಮಾಡ್ತಿದ್ದೀಯಮ್ಮ?"

"ನೆಲ ತಂಪಾಗಿದೆ ಕಣೋ, ಕೂತಿದೀವಿ. ಇವಳನ್ನ ಹಿಡ್ಕೋ."

ಕೂಸನ್ನು ಎತ್ತಿಕೊಂಡು ಅದರ ಜೊತೆ ಮಾತಾಡುತ್ತ ಹೊರಗೆ ಹೋದ. ಚೆಲ್ಲಿದ ಹಾಲು ಒಣಗಿ ಅಂಟಂಟಾಗಿತ್ತು. ಅವನು ತುಳಿದುಕೊಂಡೇ ಹೋದ.

ಮಾರ್ಚ್ 20, ಗುರುವಾರ

ನಿನ್ನೆಯ ಚೌಕಕ್ಕೆ ಇಲ್ಲ ಎಂದು ಬರೆದೆ. ಇವತ್ತಿನದಕ್ಕೂ ಬರೆದೆ, ಬೆಳಗ್ಗೆಯೇ.

ಮಾರ್ಚ್ 21, ಶುಕ್ರವಾರ

ಕೂಸನ್ನು ಎತ್ತಲಿಲ್ಲ. ಸೊಸೆ ಹೋದ ಕೂಡಲೇ ಹಾಲು, ನೀರು, ಬಟ್ಟೆ ಎಲ್ಲ ನೆಲಕ್ಕೆ ಇಳಿಸಿ ಚಾಪೆಯ ಸುತ್ತ ಇಟ್ಟುಕೊಂಡೆ. ಅವಳು ಬರುವ ಹೊತ್ತಿಗೆ ಎಲ್ಲ ತಿರುಗಿ ಮೇಲೆ. ಕೂಸು ಎರಡು ಕೈ ಮೇಲೆತ್ತುತ್ತದೆ. ಕೈಗೆ ಚಮಚ ಕೊಡುತ್ತೇನೆ.

ಮಾರ್ಚ್ 22, ಶನಿವಾರ

ಹಾಗೇ.

ಮಾರ್ಚ್ 25, ಮಂಗಳವಾರ

ಸಂಜೆ ಸೊಸೆ ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ತೊಡೆಯ ಸಂದು ಕೆಂಪಗಾಗಿ ಸುಲಿದಿತ್ತು. ಹಿಂದಲೆಯ ಕೂದಲು ಚಾಪೆಗೆ ಉಜ್ಜಿ ಉಜ್ಜಿ ಕಾಸಿನಗಲ ಉದುರಿತ್ತು. ನಾನೂ ನೋಡಿದ್ದೆ. ಕೂತಲ್ಲೇ ಬಟ್ಟೆ ಬದಲಿಸಿದರೆ ತೊಳೆಯುವುದು ಅಷ್ಟಕ್ಕಷ್ಟೇ ಆಗುತ್ತದೆ, ನೀರಿನ ಹತ್ತಿರ ಎತ್ತಿಕೊಂಡು ಹೋಗಬೇಕು.

ಅವಳು ತಲೆ ಎತ್ತದೆ ಕೇಳಿದಳು. "ಅತ್ತೆ, ಇಡೀ ದಿನ ಇದನ್ನ ಎತ್ಕೊಳ್ಳೋದೇ ಇಲ್ವಾ ನೀವು?"

"ಎತ್ತಿ ಅಭ್ಯಾಸ ಮಾಡ್ಸಿದ್ರೆ ನಾಳೆ ನಿನಗೇ ಕಷ್ಟ."

"ಡಾಕ್ಟ್ರು ಏನೂ ಇಲ್ಲ ಅಂದ್ರು. ನೀವು ಕೊಡು ಕೊಡು ಅಂದ್ರಿ, ಕೊಟ್ಟೆ." ಠಸ್ಸೆಯ ಸದ್ದಿರಲಿಲ್ಲ, ದನಿ ಸಣ್ಣಗಿತ್ತು. "ಮನಸ್ಸಿಲ್ದೆ ಇದ್ರೆ ಹೇಳಿಬಿಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಮನಸ್ಸಿಲ್ಲದೆ.

ಕೊರಳಿನ ದಾರವನ್ನು ಹೊರಗೆ ಎಳೆದೆ.

"ಕೈಲಾಗಲ್ಲ" ಎಂದೆ.

"ಏನಂದ್ರಿ?"

"ಕೈಲಾಗಲ್ಲ ಕಣೇ. ಆವತ್ತು ಗೆರೆ ನಿಲ್ಸಿದ್ದು ನಾನಲ್ಲ, ಬೀಗದ ಕೈ."

ಅವಳಿಗೆ ತಿಳಿಯಲಿಲ್ಲ. ದಾರ ಬಿಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಚೌಕಟ್ಟಿಗೆ ಹಿಡಿದು ತೋರಿಸಿದೆ. ಅವಳೂ ಬಂದು ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದಳು. "ಅಷ್ಟು ದೊಡ್ಡ ಮಿಷನ್ನಿಗೆ ಟೋಪಿ ಹಾಕಿದ್ರಾ" ಎಂದು ನಕ್ಕಳು. ಒಂದೇ ಸಲ. ಆಮೇಲೆ ನಗು ನಿಂತಿತು.

"ಹಾಗಾದ್ರೆ ಇಷ್ಟು ದಿನ ಕೂಸು ನಿಮ್ಮ ಹತ್ರ ಇದ್ದಾಗ?"

ಹೋದ ಬುಧವಾರದ್ದನ್ನು ಹೇಳಿದೆ, ಚಮಚದವರೆಗೂ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅವಳು ಮಂಚದ ಮೇಲೆ ಕೂತಳು. ಬಯ್ಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರ ಇತ್ತು.

ಮಾರ್ಚ್ 28, ಶುಕ್ರವಾರ

ಸೊಸೆ, ನಮ್ಮ ಹುಡುಗಿ, ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು.

"ಕೊರಳಲ್ಲಿರೋದನ್ನ ನನಗೆ ಕೊಡಿ ಅಜ್ಜಿ" ಎಂದು ಕನ್ನಡಕದವಳು ಮೊದಲೇ ಕೈ ನೀಡಿದಳು. ಆವತ್ತೇ ಅನುಮಾನ ಬಂದಿತ್ತಂತೆ. "ಇಷ್ಟು ನೆಟ್ಟಗೆ ಯಾರಿಗೂ ಬರಲ್ಲ ಅಂತ ಡಾಕ್ಟ್ರಿಗೆ ಹೇಳ್ದೆ. ಮಿಷನ್ ಸರಿ ಇದ್ಯಾ ನೋಡು ಅಂದ್ರು."

ಮತ್ತೆ ಕತ್ತಲೆ, ಮತ್ತೆ ಕೆಂಪು ಗೆರೆ. ಈ ಸಲ ನಾನೊಬ್ಬಳೇ. ಬಹಳ ಹೊತ್ತು ತೆಗೆದುಕೊಂಡೆ. ಒಂದು ಕೂದಲೆಳೆ ಈಚೆ, ಒಂದು ಕೂದಲೆಳೆ ಆಚೆ. ಕೊನೆಗೆ ನಿಂತಿತು. ಈ ಗೆರೆಯನ್ನು ನಂಬಿ ಮೂರು ಮಹಡಿ ಎಬ್ಬಿಸಬಹುದು ಎನ್ನುವಷ್ಟು ನೆಟ್ಟಗೆ ನಿಂತಿತು. "ಆಯ್ತು" ಎಂದೆ. ಹತ್ತು ಸಲವೂ ಹಾಗೇ ನಿಂತಿತು. ಕೊನೆಯ ಗೆರೆಯನ್ನು ಅಳಿಸಬೇಡ, ದೀಪ ಹಾಕು ಎಂದು ಕೇಳಿಕೊಂಡೆ.

ಗೆರೆಯ ಹಿಂದೆ ಕೋಣೆಯ ಮೂಲೆ ಕಂಡಿತು. ನನ್ನ ಗೆರೆ ಎಡಕ್ಕೆ ಬಿದ್ದಿತ್ತು.

"ದೀಪ ಆರಿಸು ತಾಯಿ."

ಆರಿಸಿದಳು. ನೆಟ್ಟಗಾಯಿತು.

"ಹಾಕು."

ಬಿತ್ತು. ಎರಡನ್ನೂ ನೋಡಿದ್ದು ನನ್ನ ಕಣ್ಣೇ.

"ಆರು ಡಿಗ್ರಿ ಅಜ್ಜಿ."

"ಡಿಗ್ರಿ ಗಿಗ್ರಿ ಬೇಡ. ಹತ್ತಡಿ ಗೋಡೆಗೆ ಎಷ್ಟಾಗುತ್ತೆ ಹೇಳು."

ಫೋನಿನಲ್ಲಿ ಏನೋ ಒತ್ತಿ ನೋಡಿದಳು. "ಹತ್ತಡಿ ಗೋಡೆಗೆ ಒಂದಡಿ."

ಅಂಥ ಗೋಡೆಯ ಕೆಳಗೆ ನಾನು ಯಾರನ್ನೂ ನಿಲ್ಲಿಸುತ್ತಿರಲಿಲ್ಲ.

ಡಾಕ್ಟರು ತಪ್ಪು ಹೊರಿಸಲಿಲ್ಲ. ವಾಲಿಕೆ ಇರುವುದು ನಿಜ, ಯಾಕೆಂದು ಗೊತ್ತಿಲ್ಲ, ಎರಡು ತಿಂಗಳ ಹಿಂದೆ ತೆಗೆಸಿದ ತಲೆಯ ಚಿತ್ರದಲ್ಲಿ ಏನೂ ಕಾಣುತ್ತಿಲ್ಲ ಎಂದರು. ಮೊದಲಿನ ವ್ಯಾಯಾಮದ ಚೀಟಿಯನ್ನೇ ಹೊಸದಾಗಿ ಬರೆದರು.

"ಮಾಡಿದ್ರೆ ಹೋಗುತ್ತಾ?"

"ಕಡಿಮೆ ಆಗಬಹುದು. ಆಗದೇನೂ ಇರಬಹುದು."

"ಗೋಡೆ ವಾಲಿದ್ರೆ ನಮ್ಮ ಮೇಸ್ತ್ರಿ ಯಾಕೆ ಅಂತ ಹೇಳ್ತಿದ್ರು. ಪಾಯ ಕೂತಿದೆ ಅಂತಾನೋ ಗಾರೆ ಸಾಲ್ಲಿಲ್ಲ ಅಂತಾನೋ. ನೀವು ಇಷ್ಟೆಲ್ಲ ಓದಿದೀರಿ."

"ಮೇಸ್ತ್ರಿಗೆ ಅಗೆದು ನೋಡೋಕೆ ಆಗ್ತಿತ್ತಲ್ಲ ಅಜ್ಜಿ" ಎಂದರು. ಒಳ್ಳೆಯ ಮಾತು. ಏನೂ ಪ್ರಯೋಜನವಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ನಮ್ಮ ಹುಡುಗಿಗೆ ಕಚೇರಿಯಿಂದ ಫೋನು ಬಂತು. ಅವಳು ಮಾತಾಡುತ್ತ ಹಿಂದೆ ನಿಂತಳು. ನಾನೂ ನಿಂತೆ. ಅವಳು ಮುಗಿಸಿ ಬಂದ ಮೇಲೆ ಇಬ್ಬರೂ ಇಳಿದೆವು.

ಮಾರ್ಚ್ 30, ಭಾನುವಾರ

ಕೂಸನ್ನು ನಾಳೆಯಿಂದ ಶಿಶುಮಂದಿರಕ್ಕೆ ಬಿಡುವುದು. ಚೀಲಕ್ಕೆ ಏನೇನು ಹಾಕಬೇಕೆಂದು ಹುಡುಗಿ ನನ್ನನ್ನೇ ಕೇಳಿದಳು. ಎರಡು ಬಾಟಲಿ, ಆರು ಬಟ್ಟೆ, ಮುಲಾಮು. ಬಗಲು ಹಿಡಿದು ಎತ್ತಿದರೆ ಅಳುತ್ತದೆ, ಬೆನ್ನ ಕೆಳಗೆ ಕೈ ಕೊಡಬೇಕು ಎಂದು ಆಯಾಗಳಿಗೆ ಹೇಳು ಎಂದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಗೋಡೆಗೆ ಬೆನ್ನು ಕೊಟ್ಟು ನಿಂತು ವ್ಯಾಯಾಮ ಮಾಡಿದೆ. ತಲೆ ಎಡಕ್ಕೆ ಇಪ್ಪತ್ತು ಸಲ, ಬಲಕ್ಕೆ ಇಪ್ಪತ್ತು ಸಲ. ಮಗ ಪಕ್ಕದಲ್ಲಿ ನಿಂತು ಎಣಿಸಿದ. ಹದಿಮೂರನ್ನು ಎರಡು ಸಲ ಎಣಿಸಿದ, ನಾನು ಒಂದು ಸಲ ಹೆಚ್ಚೇ ತಿರುಗಿಸಿದೆ.

ಇವತ್ತು ನೆಲ ಒಂದು ಸಲವೂ ವಾಲಲಿಲ್ಲ. ಚೌಕದಲ್ಲಿ ಇಲ್ಲ ಎಂದು ಬರೆದೆ. ಈ ತಿಂಗಳ ಇಲ್ಲಗಳಲ್ಲಿ ಇದು ನಿಜದ್ದು.

ಸಂಜೆ ನಾನು ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಗ ಹುಡುಗಿ ಕೂಸನ್ನು ತಂದು ಎದುರಿಗೆ ಕೂತಳು.

"ತಗೊಳ್ಳಿ ಅತ್ತೆ. ಕೂತಿದ್ದೀರಲ್ಲ. ನಾನೂ ಇಲ್ಲೇ ಇದ್ದೀನಿ."

"ಬೇಡ."

"ಐದು ನಿಮಿಷ."

"ನಿನ್ನ ಹತ್ರಾನೇ ಇರ್ಲಿ ಕಣವ್ವ. ಬೆಳಗಿಂದ ಸರಿ ಇದ್ದೀನಿ ಅಂತ ನನಗೆ ಅನ್ನಿಸ್ತಿದೆ. ಅನ್ನಿಸೋದೇ ತಾನೆ ಕೆಟ್ಟಿರೋದು."

ಅವಳು ಒತ್ತಾಯ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಕೂಸು ಅವಳ ತೊಡೆಯ ಮೇಲಿಂದ ನನ್ನ ಕಡೆ ಬಾಗಿ ಎರಡೂ ಕೈ ಚಾಚಿತು. ನನ್ನ ಕೈಗಳನ್ನು ನಂಬಲಾರದೆ ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತೆ. ಮತ್ತೊಮ್ಮೆ ಚಾಚಿತು. ನಾನು ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿದೆ, ಮುಖ ಸೊಟ್ಟ ಮಾಡಿದೆ, ಅದರ ಹೆಸರು ಕರೆದೆ.

ಮೂರನೆಯ ಸಲ ಕೂಸು ಕೈ ಚಾಚಲಿಲ್ಲ.